ನನ್ನ ಬಾಣಂತಿ ಕೋಣೆಯಲ್ಲಿ ನನ್ನ ಮಗಳಿಗಿಂತ ಮೊದಲು ಹೆತ್ತವರಿಗೆ

ಡೊಂಬಿವಲಿ ಪೂರ್ವದ ನಮ್ಮ ಗಲ್ಲಿಯ ಭೂಷಣರೂ, ರಿಕ್ಷಾ ಸ್ಟ್ಯಾಂಡಿನ ಸಾಕುಮಗಳೂ, ವಡಾಪಾವ್ ಗಾಡಿಯ ಖಾಯಂ ಗಿರಾಕಿಯೂ ಆಗಿದ್ದು, ಸದ್ಯ ನಮ್ಮ ಹಿಂದಿನ ಕೋಣೆಯ ಮಂಚದ ಕೆಳಗೆ ಸಪರಿವಾರ ಬಿಜಯಂಗೈದಿರುವ ಶ್ರೀಮತಿ ಭೂರಿ ನಾಯಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಳಮಹಡಿಯ ಸುಗುಣಾ ಮಧ್ವರಾಜ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರಿಯ ಶಿಷ್ಟಾಚಾರವಲ್ಲ. ಮಂಚದ ಕೆಳಗೆ ತಮ್ಮ ದರ್ಶನವಾಗಬೇಕಾದರೆ ನೆಲಕ್ಕೆ ಅಡ್ಡಬೀಳುವುದಲ್ಲದೆ ಬೇರೆ ದಾರಿಯಿಲ್ಲ, ನನ್ನ ಮಂಡಿನೋವು ದೇವರಿಗೇ ಪ್ರೀತಿ. ತಾವು ಕ್ಷೇಮವಾಗಿರುವುದು ಗೊರಕೆಯಿಂದ ತಿಳಿಯುತ್ತಿದೆ. ನಾವು ಕ್ಷೇಮವೇ ಎಂದು ತಾವು ಈವರೆಗೆ ಒಮ್ಮೆಯೂ ವಿಚಾರಿಸಿಲ್ಲವಾದ್ದರಿಂದ ಆ ವಿಷಯವನ್ನೇ ಇಲ್ಲಿ ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಇದು ಬಹಿರಂಗ ಪತ್ರ. ಸೊಸೈಟಿಯ ನೋಟೀಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸುವವಳಿದ್ದೇನೆ. ಈ ಕಟ್ಟಡದಲ್ಲಿ ಕನ್ನಡ ಓದುವವರು ನಾನು, ನನ್ನ ಯಜಮಾನರು ಮತ್ತು ಕಲಬುರಗಿ ಕಡೆಯ ವಾಚ್‌ಮನ್ ಸೈದಪ್ಪ ಮೂವರೇ ಎಂಬುದು ಬೇರೆ ಮಾತು.

ನಾನು ಯಾರೆಂದು ತಮಗೆ ಯಾರೂ ಹೇಳಿದಂತಿಲ್ಲ. ಜಂಬವೆಂದು ತಿಳಿಯಬಾರದು, ಆದರೆ ಉಡುಪಿಯಿಂದ ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ, ಠಾಣೆಯಿಂದ ಕಲ್ಯಾಣದವರೆಗೆ ನಮ್ಮವರ ಯಾವ ಮನೆಯಲ್ಲಿ ಯಾವ ಹೆಣ್ಣುಮಗಳು ಹೆತ್ತರೂ ಮೊದಲ ಫೋನು ಗಂಡನಿಗೆ ಹೋದರೆ ಎರಡನೆಯದು ನನಗೆ ಬರುತ್ತದೆ. ಬಾಣಂತಿಯ ಲೇಹ್ಯ ಕಾಯಿಸುವುದರಲ್ಲಿ, ಹೊಟ್ಟೆಗೆ ಬಟ್ಟೆ ಬಿಗಿಯುವುದರಲ್ಲಿ, ಮಗುವಿಗೆ ಎಣ್ಣೆ ನೀವಿ ಮೀಯಿಸುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಕಂಡಿದ್ದರೂ ಒಪ್ಪಿಲ್ಲ. ಚಪ್ಪಟೆ ಮೂಗಿನ ಕೂಸುಗಳ ಮೂಗನ್ನು ದಿನಾ ತೀಡಿ ತೀಡಿ ನೆಟ್ಟಗೆ ಮಾಡಿದ್ದೇನೆ. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಹೆಬ್ಬೆರಳಿನಿಂದಾದ ಮೂಗುಗಳನ್ನು ಎರಡು ಬಾಗಿಲು ದೂರದಿಂದಲೇ ಗುರುತು ಹಿಡಿಯಬಲ್ಲೆ.

ಇಂಥ ನನಗಿರುವುದು ಒಬ್ಬಳೇ ಮಗಳು, ಶ್ರೀಪ್ರಿಯಾ. ಗಂಡ ಮನೀಶನ ಜತೆ ಸಾನಪಾಡಾದಲ್ಲಿದ್ದಾಳೆ. ಅವಳು ಬಸುರಿಯೆಂದು ತಿಳಿದ ದಿನವೇ ನಾನು ಊರಿನಿಂದ ಮದ್ದಿನ ಬೇರುಗಳನ್ನು ತರಿಸಲು ಹೇಳಿದ್ದೆ. ಏಳನೆಯ ತಿಂಗಳು ತುಂಬಿದಾಗ ಅವಳು ಫೋನು ಮಾಡಿ, "ಮಮ್ಮಾ, ಡೆಲಿವರಿ ಆದ್ಮೇಲೆ ಮೈ ಇಧರ್ ಹೀ ರಹೂಂಗಿ. ಒಂದು ಜಾಪಾ ಬಾಯಿ ನೋಡಿದ್ದೇನೆ, ಬೇಬಿದೂ ನಂದೂ ಎಲ್ಲಾ ಅವಳೇ ನೋಡ್ಕೋತಾಳೆ, ರಿವ್ಯೂ ಭೀ ಮಸ್ತ್ ಹೈ" ಎಂದುಬಿಟ್ಟಳು. ಊರಿಗೆಲ್ಲ ಬಾಣಂತನ ಮಾಡಿದವಳ ಮಗಳಿಗೆ ರಿವ್ಯೂ ನೋಡಿ ತಂದ ಹೆಂಗಸು ಬಾಣಂತನ ಮಾಡುವುದೆಂದರೆ, ಮಾನ್ಯರೇ, ಅಂದು ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅತ್ತು, ಕರೆದು, ಊಟ ಬಿಟ್ಟಂತೆ ನಟಿಸಿ, ಕಡೆಗೆ ಒಂದು ವಾರ ಬಂದು ಇದ್ದು ನೋಡು, ಕೋಣೆ ನೋಡು, ನನ್ನ ಏರ್ಪಾಡು ನೋಡು, ಆಮೇಲೆ ನಿನ್ನ ಇಷ್ಟ ಎಂದು ಒಪ್ಪಿಸಿದೆ. ಆ ವಾರ ಅವಳಿಗೆ ರಜೆ, ನನಗೆ ಪರೀಕ್ಷೆ.

ಪರೀಕ್ಷೆಗೆ ನಾನು ಏನೂ ಕಡಿಮೆ ಮಾಡಿರಲಿಲ್ಲ. ಮೆತ್ತಗಾದ ಹಳೆಯ ಹತ್ತಿ ಸೀರೆಗಳನ್ನೆಲ್ಲ ಕುದಿಸಿ, ಬಿಸಿಲಿಗೆ ಹಾಕಿ, ಮಡಚಿ, ಮಂಚದ ಕೆಳಗೆ ಬೆತ್ತದ ಬುಟ್ಟಿಯಲ್ಲಿ ಒಟ್ಟಿದ್ದೆ. ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಲೇಹ್ಯದ ಭರಣಿ, ಸಾಲಾಗಿ ಲಂಗೋಟಿಗಳು, ಬುಟ್ಟಿಯ ಮೇಲೊಂದು ಪುಟ್ಟ ಕುಲಾವಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಗುವವರಿದ್ದಾರೆ. ನಾನು ಹೊಲಿಸಿದ್ದಲ್ಲ, ಸ್ವಂತ ಕೈಯಿಂದ ಹೊಲಿದದ್ದು, ಆದ್ದರಿಂದ ಗಾದೆ ನನಗೆ ತಟ್ಟುವುದಿಲ್ಲವೆಂದು ಧೈರ್ಯವಾಗಿದ್ದೆ. ಮಗಳು ಬರುವ ಬೆಳಿಗ್ಗೆ ಕೋಣೆಗೆ ಸಾಂಬ್ರಾಣಿ ಹಾಕಿ, ಹೊಗೆ ಹೋಗಲೆಂದು ಕಂಪೌಂಡಿನ ಕಡೆಯ ಬಾಗಿಲನ್ನು ತೆರೆದಿಟ್ಟು ಅಡುಗೆಮನೆಗೆ ಹೋದದ್ದೊಂದೇ ನನ್ನ ತಪ್ಪು. ಮಗಳನ್ನು ಕೈಹಿಡಿದು ಕರೆತಂದು ಇಗೋ ನೋಡು ಎಂದು ಬಾಗಿಲು ತೆರೆದರೆ ಮಂಚದ ಕೆಳಗಿನಿಂದ ಕುಂಯ್ ಎಂಬ ಸದ್ದು. ನನ್ನ ಸೀರೆಗಳ ಮೇಲೆ ತಾವು ಪವಡಿಸಿದ್ದಿರಿ. ಐದು ಕೂಸುಗಳು ಆಗಲೇ ಹಾಲು ಹಿಡಿದಿದ್ದವು, ಆರನೆಯದು ನಮ್ಮ ಸಮಕ್ಷಮದಲ್ಲೇ ಹೊರಬಂದು ನೇರ ಕುಲಾವಿಯೊಳಗೆ ಉರುಳಿತು. ಕಲ್ಯಾಣ ಸ್ಟೇಷನ್ನಿನ ಬಳಿಯ ವೆಜ್ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ನನ್ನ ಯಜಮಾನರು ಬಗ್ಗಿ ನೋಡಿ, "ಮೊದಲ ಗಿರಾಕಿ ಬಂದಾಯಿತಲ್ಲ ಮಾರಾಯ್ತಿ, ಇನ್ನು ಬೋರ್ಡು ಹಾಕುವುದೊಂದೇ ಬಾಕಿ" ಎಂದರು. ಅಂದಿನಿಂದ ಅವರಿಗೆ ಮೂರು ದಿನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ತಮ್ಮ ಹೆರಿಗೆಯ ವೈಖರಿಯನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಡಾಕ್ಟರಿಲ್ಲ, ಸೂಲಗಿತ್ತಿಯಿಲ್ಲ, ಒಂದು ಕಿರುಚಾಟವಿಲ್ಲ. ಹೊಕ್ಕುಳಬಳ್ಳಿಯನ್ನು ಹಲ್ಲಿನಿಂದಲೇ ಕಡಿದು, ಕೂಸುಗಳನ್ನು ನೆಕ್ಕಿ ಉಸಿರು ಹಿಡಿಸಿ, ಉಳಿದ ರೊಚ್ಚುರಾಡಿಯನ್ನೆಲ್ಲ ತಾವೇ ವಿಲೇವಾರಿ ಮಾಡಿದಿರಿ. ಹೇಗೆ ಮಾಡಿದಿರೆಂದು ಬರೆಯಲು ಬಹಿರಂಗ ಪತ್ರ ತಕ್ಕ ಸ್ಥಳವಲ್ಲ. ಆದರೆ ಹತ್ತು ಹೆಜ್ಜೆಯಾಚೆ ಅಡುಗೆಮನೆಯಲ್ಲಿ ನನ್ನಂಥವಳೊಬ್ಬಳು ಒಗ್ಗರಣೆ ಹಾಕುತ್ತ ನಿಂತಿರುವಾಗ, ಒಂದು ಮಾತು ಕರೆಯಬಾರದಿತ್ತೇ? ಇದು ನನ್ನ ಮೊದಲ ದೂರು.

ಎರಡನೆಯ ದೂರು, ತಾವು ಬಾಣಂತನಕ್ಕೆ ಒಪ್ಪದಿದ್ದುದು. ಮೆಂತೆ ಗಂಜಿಯನ್ನು ಹದವಾಗಿ ಆರಿಸಿ ಮುಂದಿಟ್ಟರೆ ಮುಖ ತಿರುಗಿಸಿದಿರಿ. ಲೇಹ್ಯವನ್ನು ಒಂದು ಸಲ ಮೂಸಿ ನನ್ನ ಮುಖದ ಮೇಲೆಯೇ ಸೀನಿದಿರಿ. ಹೊಟ್ಟೆಗೆ ಕಟ್ಟಲು ತಂದ ಬಟ್ಟೆಯನ್ನು ಕಸಿದು ಮಕ್ಕಳ ಕೆಳಗೆ ಹಾಸಿದಿರಿ. ಥಂಡಿ ಗಾಳಿ ಹೋಗದಂತೆ ಕಿವಿಗೆ ಹತ್ತಿಯಿಡಲು ಬಂದಾಗ ತಾವು ಕೊಟ್ಟ ನೋಟವನ್ನು ನನ್ನ ಅತ್ತೆಯವರು ಕಾಲವಾದ ಮೇಲೆ ನಾನು ಇನ್ನೆಲ್ಲೂ ನೋಡಿರಲಿಲ್ಲ. ಇನ್ನು ಮಕ್ಕಳ ಕಡೆ ಬಂದರೆ, ಅವು ನಿದ್ದೆಯಲ್ಲಿ ಮೈಯೆಲ್ಲ ಸೆಟೆದು ಬೆಚ್ಚುವುದನ್ನು ಕಂಡು ಬಾಲಗ್ರಹವೇ ಬಡಿಯಿತೆಂದು ನಾನು ಬಜೆ ತೇಯಲು ಓಡಿದೆ. ಮಗಳು ತನ್ನ ಶಾಲೆಯ ಗೆಳತಿ ರಮಿತಾಳಿಗೆ ವಿಡಿಯೋ ಕಾಲ್ ಮಾಡಿದಳು. ಕಲ್ಯಾಣದಲ್ಲಿ ಪ್ರಾಣಿಗಳ ಕ್ಲಿನಿಕ್ ಇಟ್ಟಿರುವ ಈ ಹುಡುಗಿಗೆ ನಾವು ಮಾತಾಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ. "ಕಾಕೂ, ತೇ ನಾರ್ಮಲ್ ಆಹೇ" ಎಂದು ನಕ್ಕಳು. ಹೊಸ ಮರಿಗಳು ನಿದ್ದೆಯಲ್ಲಿ ಹಾಗೆ ಅದುರದಿದ್ದರೇ ಚಿಂತೆಯಂತೆ. ಕಣ್ಣೂ ಕಿವಿಯೂ ಮುಚ್ಚಿಕೊಂಡೇ ಹುಟ್ಟುತ್ತವಂತೆ, ತೆರೆಯಲು ಎರಡು ವಾರ ಬೇಕಂತೆ. ಕಾಡಿಗೆ ತೀಡಲು ಕಣ್ಣಿಲ್ಲ, ಹತ್ತಿಯಿಡಲು ಕಿವಿಯಿಲ್ಲ. ತಾಯಿ ನೆಕ್ಕದೆ ಹೋದರೆ ಅವಕ್ಕೆ ಉಚ್ಚೆ ಹೊಯ್ಯಲೂ ಬರುವುದಿಲ್ಲವಂತೆ, ಹೊಯ್ದದ್ದನ್ನು ತಾವು ಅಲ್ಲಿಂದಲ್ಲಿಗೆ ಚೊಕ್ಕ ಮಾಡಿಬಿಡುತ್ತಿದ್ದಿರಿ. ಹಾಗಾದರೆ ನಾನು ಹೊಲಿದ ಲಂಗೋಟಿಗಳ ಗತಿಯೇನು? ಆರಕ್ಕೆ ಆರೂ ಚಪ್ಪಟೆ ಮೂಗುಗಳು, ಒಂದನ್ನಾದರೂ ತೀಡೋಣವೆಂದು ಹೆಬ್ಬೆರಳು ಚಾಚಿದರೆ ತಾವು ಮೇಲ್ದುಟಿ ಎತ್ತಿ ಹಲ್ಲು ತೋರಿಸಿದಿರಿ. ಒಂದು ಕಲೆ ಹೀಗೆ ಅವಮಾನಿತವಾಯಿತು.

ಇದೆಲ್ಲವನ್ನೂ ನಾನು ನುಂಗಿಕೊಂಡೇನು, ಆದರೆ ಮಗಳು ನೋಡುತ್ತಿದ್ದಳು. ಒಂದು ವಾರಕ್ಕೆಂದು ಬಂದವಳು ಲ್ಯಾಪ್‌ಟಾಪ್ ತರಿಸಿಕೊಂಡು ಮನೆಯಿಂದಲೇ ಆಫೀಸು ಮಾಡುತ್ತ ಉಳಿದಳು. ನನಗಾಗಿ ಅಲ್ಲ, ತಮಗಾಗಿ. ಮಂಚದ ಮೇಲಿನಿಂದ ತಲೆ ಕೆಳಗೆ ಜೋಲಿಸಿ ತಮ್ಮನ್ನೇ ದಿಟ್ಟಿಸುವಳು. ನಾನು ಓಮದ ನೀರು ಕುಡಿ ಎಂದರೆ "ಭೂರಿ ಎಲ್ಲಿ ಕುಡೀತಾಳೆ?" ಎನ್ನುವಳು. ಪರದೆ ಎಳೆದರೆ "ಅವಳಿಗೆ ಗಾಳಿ ಬೇಕು" ಎನ್ನುವಳು. "ಮಮ್ಮಾ, ಅವಳ ಪಿಲ್ಲೂಗಳಿಗೆ ಯಾರೂ ಸ್ನಾನ ಮಾಡಿಸ್ತಿಲ್ಲ, ತರೀ ಭೀ ಎಷ್ಟು ಗುಂಡುಗುಂಡಾಗಿವೆ ನೋಡು" ಎನ್ನುವಳು. ನಮ್ಮ ಸಾಂಬಾರ ಪುಡಿಯ ತಕ್ಕಡಿಯಲ್ಲಿ ರಮಿತಾಳ ಅಪ್ಪಣೆಯಂತೆ ಅವನ್ನು ತೂಗಿದರೆ ಮೊದಲ ವಾರ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು, ಅದೂ ನನ್ನ ಒಂದು ಚಮಚ ಲೇಹ್ಯವಿಲ್ಲದೆ. ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕೇಳಿದ್ದೆ, ನಾನು ಹೆತ್ತವಳಿಗೆ ತಾವೇ ಮುದ್ದಾದಿರಿ. ಸಾನಪಾಡಾದ ಜಾಪಾ ಬಾಯಿ ಕೂತಲ್ಲೇ ಗೆಲ್ಲುತ್ತಿದ್ದಳು.

ಆಮೇಲೆ ನಡೆದದ್ದಕ್ಕೆ ಪೂರ್ತಿ ಜವಾಬ್ದಾರಿ ತಮ್ಮದು, ಏಕೆಂದರೆ ಹೊರಗೆ ಹೋಗುವ ಮುನ್ನ ತಾವು ಯಾವುದೇ ಸೂಚನೆ ಕೊಟ್ಟು ಹೋಗಲಿಲ್ಲ. ಮರಿಗಳು ಕಣ್ಣು ಬಿಡುವ ಮುಂಚಿನ ಮಾತು. ಒಂದು ಬೆಳಿಗ್ಗೆ ತಾವು ವಡಾಪಾವ್ ಗಾಡಿಯ ಕಡೆ ಪಾದ ಬೆಳೆಸಿದ್ದಿರಿ, ಮಗಳು ಮುಂದಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಒಂದೇ ಒಂದು ಸಲ ನನ್ನ ಕೈಚಳಕ ತೋರಿಸಿಬಿಟ್ಟರೆ ತಾವೂ ಮಗಳೂ ಒಟ್ಟಿಗೆ ದಾರಿಗೆ ಬರುತ್ತೀರೆಂದು ನನಗೆ ಆಸೆಯಾಯಿತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿದೆ, ನೀರು ಹದ ಮಾಡಿದೆ, ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿ, ಆರು ಕೂಸುಗಳನ್ನೂ ಒಂದಾದ ಮೇಲೊಂದು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಊರಿನಲ್ಲಿ ಕೂಸು ಮೀಯಿಸುವ ಹಾಗೆಯೇ ತಿಕ್ಕಿ ತೊಳೆದು, ಒರೆಸಿ, ಸಾಂಬ್ರಾಣಿ ಹಿಡಿದೆ. ಐದು ಮರಿಗಳು ಕಟ್ಟಡ ಹಾರಿಹೋಗುವಂತೆ ಅರಚಿಕೊಂಡು ಒಂದರ ಮೇಲೊಂದು ಬಿದ್ದು ಗುಡ್ಡೆಯಾದವು. ಆರನೆಯದು, ಎಲ್ಲಕ್ಕಿಂತ ಚಿಕ್ಕದು, ಸದ್ದಿಲ್ಲದೆ ಬದಿಗೆ ಬಿದ್ದುಕೊಂಡಿತು. ಮಿಂದ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ನೋಡು ಎಂದು ನಾನು ಮಗಳನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವಳು ಮುಟ್ಟಿ ನೋಡಿದಳು. ಮೈ ತಣ್ಣಗಿತ್ತು, ಬಾಯಿಯೊಳಗೂ ತಣ್ಣಗಿತ್ತು.

ನಾನು ಹಾಲು ಬೆಚ್ಚಗೆ ಮಾಡಲು ಅಡುಗೆಮನೆಗೆ ಓಡಿದೆ. ಮಗಳು ಹಚ್ಚಿದ ಫೋನಿನಲ್ಲಿ ರಮಿತಾ ಕೂಗಿದ್ದು ಅಲ್ಲಿಗೂ ಕೇಳಿಸಿತು, "ಕಾಕೂ, ದೂಧ ನಕೋ! ಆಧೀ ಊಬ, ಮಗ ದೂಧ!" ಮೊದಲು ಕಾವು, ಆಮೇಲೆ ಹಾಲು; ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅರಗದೆ ಅದರಿಂದಲೇ ಸಾಯುತ್ತದಂತೆ. ಮೊದಲ ವಾರಗಳಲ್ಲಿ ಅವಕ್ಕೆ ಸ್ವಂತ ಕಾವೇ ಇಲ್ಲವಂತೆ, ತಾಯಿಯ ಹೊಟ್ಟೆಯೂ ಒಡಹುಟ್ಟಿದವರ ಗುಡ್ಡೆಯೂ ಅವಕ್ಕೆ ಒಲೆಯಂತೆ, ಸ್ನಾನವೆಂದರೆ ಆ ಒಲೆಗೆ ನೀರು ಹೊಯ್ದಂತೆ. ನಾನು ಮರಿಯನ್ನು ಕುಪ್ಪಸದೊಳಗೆ ಎದೆಗೆ ಒತ್ತಿಕೊಂಡು, ಸೆರಗು ಸುತ್ತಿ, ಮೇಲೆ ಶಾಲು ಹೊದ್ದು ನೆಲಕ್ಕೆ ಕೂತುಬಿಟ್ಟೆ. ಮಗಳು ಬಿಸಿನೀರಿನ ಚೀಲಕ್ಕೆ ಟವೆಲು ಸುತ್ತಿ ಪಕ್ಕಕ್ಕಿಟ್ಟು, ಏಳು ತಿಂಗಳ ಹೊಟ್ಟೆ ಹೊತ್ತು ನನ್ನೆದುರು ಕೂತು, ಸೆರಗಿನೊಳಗೆ ಕೈಹಾಕಿ ಅದರ ಬೆನ್ನು ಉಜ್ಜುತ್ತಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇದು ಸತ್ತರೆ ಇವಳು ತನ್ನ ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ, ಕೊಡಲೂಬಾರದು ಎಂದು ಅನಿಸಿ ನನಗೆ ಅಳು ಬಂತು, ಅತ್ತೆ. ಎಷ್ಟೋ ಹೊತ್ತಿನ ಮೇಲೆ ಕುಪ್ಪಸದೊಳಗೆ ಏನೋ ಸರಿದಾಡಿತು, ಮತ್ತೆ ತಡಕಾಡಿತು, ಆಮೇಲೆ ನನ್ನ ಕುಪ್ಪಸದ ಕೊಕ್ಕೆಯನ್ನೇ ಹಾಲೆಂದು ಬಾಯಲ್ಲಿ ಹಿಡಿದು ಜಗ್ಗಿತು. ಮಗಳೂ ನಾನೂ ನಕ್ಕದ್ದು ಕೇಳಿ ಸೈದಪ್ಪ ಕಿಟಕಿಯ ಹತ್ತಿರ ಬಂದು, "ಯಾಕ್ರಿ ಅಕ್ಕಾರ, ಏನಾತ್ರಿ?" ಎಂದ. ಆಗ ತಾವು ಬಂದಿರಿ. ಮರಿಯನ್ನು ತಮ್ಮ ಹೊಟ್ಟೆಗೆ ಒತ್ತಿ ಇಟ್ಟೆ. ತಾವು ಅದನ್ನು ತಲೆಯಿಂದ ಬಾಲದವರೆಗೆ ನೆಕ್ಕಿ, ನನ್ನ ಎಣ್ಣೆಯನ್ನೂ ಸಾಂಬ್ರಾಣಿಯನ್ನೂ ಪೂರ್ತಿ ನಿವಾರಿಸಿ, ಅನಂತರ ಉಳಿದ ಐದನ್ನೂ ಅದೇ ರೀತಿ ಶುದ್ಧೀಕರಿಸಿದಿರಿ. ಅಷ್ಟು ಹೊತ್ತು ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಅದಕ್ಕಾಗಿ ಕೃತಜ್ಞಳಾಗಿದ್ದೇನೆ.

ಮುಂದಿನ ದಿನಗಳ ನಷ್ಟದ ಬಗ್ಗೆ ಚುಟುಕಾಗಿ ಬರೆಯುತ್ತೇನೆ. ಕಣ್ಣು ಬಿಟ್ಟವು, ಸೀರೆ ಕಂಡವು. ಕಾಲು ಬಂತು, ಕೋಣೆ ಸಾಲದಾಯಿತು. ಹಲ್ಲು ಬಂತು, ಯಜಮಾನರ ಚಪ್ಪಲಿಗಳಲ್ಲಿ ಒಂದು ಅಂಗುಷ್ಠ ಕಳೆದುಕೊಂಡಿತು. ಹಾಲಿನ ಜತೆ ಮೆತ್ತಗಿನ ಅನ್ನಕ್ಕೆ ಬೆಂದ ಮೊಟ್ಟೆ ಕಿವುಚಿ ಕೊಡಿ ಎಂದು ರಮಿತಾ ಹೇಳಿದ ದಿನ ನಾನು ಎದ್ದು ದೇವರ ಗೂಡಿನ ಬಾಗಿಲು ಮುಚ್ಚಿದೆ. ಈರುಳ್ಳಿಗೂ ಏಕಾದಶಿ ನೋಡುವ ಮನೆ ಇದು. ಸೈದಪ್ಪನೇ "ನೀವು ಮುಟ್ಟಬ್ಯಾಡ್ರಿ ಅಕ್ಕಾರ, ತತ್ತಿ ನಾ ಕುದಿಸಿ ಕೊಡ್ತೀನ್ರಿ" ಎಂದು ದಾರಿ ತೋರಿಸಿದ. ಶುದ್ಧ ಸಸ್ಯಾಹಾರಿ ಹೋಟೆಲಿನ ಗಲ್ಲಾದ ಮೇಲೆ ಕೂರುವ ನನ್ನ ಯಜಮಾನರು ಈಗ ಪ್ರತಿ ಸಂಜೆ ಎರಡು ಗಲ್ಲಿ ಬಳಸಿ, ಅತ್ತಿತ್ತ ನೋಡಿ, ಮೊಟ್ಟೆಯನ್ನು ಪಂಚಾಂಗದ ಚೀಲದಲ್ಲಿ ತರುತ್ತಾರೆ.

ಈಗ ನನ್ನ ಮುಖ್ಯ ವಿಷಯ, ತಮ್ಮ ಗುರುಗುಟ್ಟುವಿಕೆ. ಮೊದಲ ವಾರಗಳಲ್ಲಿ ತಾವು ಆ ಕೋಣೆಯ ಹೊಸ್ತಿಲನ್ನು ಹೊರಗಿನ ಯಾರಿಗೂ ದಾಟಗೊಡಲಿಲ್ಲ. ಸೊಸೈಟಿಯ ಸೆಕ್ರೆಟರಿ ನೋಟೀಸು ಹಿಡಿದು ಬಂದರು, ಗುರ್ ಎಂದಿರಿ, ನೋಟೀಸು ಬಿಟ್ಟು ಹೋದರು. ಮೇಲಿನ ಮನೆಯ ಹೆಂಗಸರು ಮರಿಗಳನ್ನು ನೋಡಿ "ಇದು ಸ್ವಲ್ಪ ಬಡಕಲು" ಎಂದು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದರು. ಲೇಹ್ಯ, ಸ್ನಾನ, ತೂಕ ಎಲ್ಲಕ್ಕಿಂತ ಮಗಳು ಕಣ್ಣರಳಿಸಿ ನೋಡಿದ್ದು ಇದನ್ನೇ. ಒಂದು ದಿನ ತಾನಾಗಿಯೇ ಹೇಳಿದಳು, "ಮಮ್ಮಾ, ನಾನು ಇಲ್ಲೇ ಬರ್ತೀನಿ. ಲೇಹ್ಯ ತಿಂತೀನಿ, ಎಣ್ಣೆ ಭೀ ಚಲೇಗಾ. ಬಸ್, ಒಂದು ಕಂಡೀಶನ್. ನೀನು ಬಾಣಂತನ ಮಾಡಿದ ಮನೆಗಳಲ್ಲಿ ನಾನು ನೋಡಿದ್ದೀನಲ್ಲ, ದಿನಾ ಇಪ್ಪತ್ತು ಜನ. ಮಗು ಕಪ್ಪು, ಹಾಲು ಸಾಕಾಗ್ತಿಲ್ಲ, ಯಾಕೆ ಸಿಸೇರಿಯನ್. ನನಗೆ ಅದು ಬೇಡ. ಭೂರೀ ಕರ್ತೀ ಹೈ ನಾ, ನೀನು ಹಾಗೆ ಮಾಡ್ತೀಯಾ?"

ಅವಳು ಹೆದರಿದ್ದು ನನ್ನ ಲೇಹ್ಯಕ್ಕಲ್ಲ, ನನ್ನ ಬಾಗಿಲಿಗೆ. ನಾನು ಯಾರನ್ನೂ ತಡೆಯುವವಳಲ್ಲವೆಂದು ಅವಳಿಗೆ ಗೊತ್ತು. ಅದರಲ್ಲೂ ವರ್ತಕ ನಗರದ ಬೀಗಿತ್ತಿ ಜಲಜಾಕ್ಷಿಯಮ್ಮನವರ ಮುಂದೆ, ಹೆಣ್ಣು ಕೊಟ್ಟವಳು ನಾನು, ಮದುವೆಯ ದಿನ ಬಗ್ಗಿಸಿದ ತಲೆಯನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ. ಅವರು ನಮ್ಮ ಪಾಯಸಕ್ಕೆ ಸಕ್ಕರೆ ಸಾಲದೆಂದರೆ ಹೌದು ಎಂದಿದ್ದೇನೆ, ಹೆಚ್ಚಾಯಿತೆಂದರೂ ಹೌದು ಎಂದಿದ್ದೇನೆ. ಆದ್ದರಿಂದ ಮಗಳು ಹೆರುವ ಮುನ್ನ ನನಗೆ ತಮ್ಮಿಂದ ಕ್ರಮಬದ್ಧ ಶಿಕ್ಷಣ ಬೇಕೆಂದೂ, ಅದಾಗದಿದ್ದರೆ ಆ ಸ್ವರವನ್ನು ನಲವತ್ತು ದಿನಗಳ ಮಟ್ಟಿಗೆ ಸಾಲವಾಗಿ ಕೊಡಬೇಕೆಂದೂ, ಅದೂ ಆಗದಿದ್ದರೆ ತಾವೇ ಹೊಸ್ತಿಲಲ್ಲಿ ಪೂರ್ಣಾವಧಿಯ ಉದ್ಯೋಗ ಒಪ್ಪಿಕೊಳ್ಳಬೇಕೆಂದೂ ಪ್ರಾರ್ಥಿಸಲು ನಾನು ಈ ಪತ್ರಕ್ಕೆ ಕೂತದ್ದು.

ಪತ್ರ ಅರ್ಧಕ್ಕೆ ಬಂದಿತ್ತು, ನಿನ್ನೆ ಭಾನುವಾರ ಜಲಜಾಕ್ಷಿಯಮ್ಮನವರೇ ಬಂದುಬಿಟ್ಟರು. ಕೋಣೆಯ ಬಾಗಿಲಲ್ಲಿ ನಿಂತು, "ಮಗು ಹುಟ್ಟಿದ ಮರುದಿನವೇ ನಮ್ಮ ಕಡೆಯವರು ಮೂವತ್ತು ಜನ ಬರುತ್ತೇವೆ ಸುಗುಣಾ, ಟೆಂಪೋ ಹೇಳಿ ಆಗಿದೆ. ಊಟಕ್ಕೆ ಜಾಸ್ತಿ ಏನೂ ಬೇಡ, ಎರಡು ಪಾಯಸ ಸಾಕು" ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ತಮ್ಮ ಮುಖ ನೋಡಿದೆ. ತಾವೋ, ಮಕ್ಕಳು ದೊಡ್ಡವಾದುವೆಂದು ಕಾವಲು ಬಿಟ್ಟು, ನಾಲ್ಕು ಕಾಲೂ ಮೇಲೆ ಮಾಡಿ ಮಲಗಿದ್ದಿರಿ. ನಾನು ಆಗಲಿ ಬನ್ನಿ ಎನ್ನಲೆಂದೇ ಬಾಯಿ ತೆರೆದೆ, ಮಾನ್ಯರೇ, ಸತ್ಯವಾಗಿಯೂ ಹಾಗೆನ್ನಲೆಂದೇ ತೆರೆದೆ. ಗಂಟಲಿನಿಂದ ಬೇರೆಯೇ ಸ್ವರ ಬಂತು. ಅದು ಮುಗಿದ ಮೇಲೆ ಮಾತು ಬಂತು: "ನಲವತ್ತು ದಿನ ಯಾರೂ ಬರುವುದು ಬೇಡ. ನೀವು ಅಜ್ಜಿ, ನೀವು ಬನ್ನಿ. ಫೋನು ಮಾಡಿ ಬನ್ನಿ, ಕೈ ತೊಳೆದು ಬನ್ನಿ, ನೋಡಿ ಬೇಗ ಹೋಗಿ." ಜಲಜಾಕ್ಷಿಯಮ್ಮ ಹಿಂದಕ್ಕೆ ಎರಡು ಹೆಜ್ಜೆಯಿಟ್ಟು, ಬೆನ್ನ ಹಿಂದೆ ನಿಂತಿದ್ದ ಸೈದಪ್ಪನ ಕಾಲು ತುಳಿದರು. ನನ್ನ ಯಜಮಾನರು ಸ್ನಾನವಾಗಿದ್ದರೂ ಮತ್ತೊಮ್ಮೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಮಗಳು ಕೋಣೆಗೆ ಹೋಗಿ, ಬಂದ ದಿನದಿಂದ ಹಾಗೆಯೇ ಇಟ್ಟುಕೊಂಡಿದ್ದ ಸೂಟ್‌ಕೇಸನ್ನು ಬಿಚ್ಚಿ, ತನ್ನ ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿದಳು.

ಹಲ್ಲು ತೋರಿಸಲು ಇನ್ನೂ ಅಭ್ಯಾಸ ಸಾಲದ,
ತಮ್ಮ ವಿಶ್ವಾಸಿ,
ಸುಗುಣಾ ಮಧ್ವರಾಜ

ತಾ.ಕ.: ಎರಡು ಸಂಜೆಯಿಂದ ವಡಾಪಾವ್ ಗಾಡಿಯ ಹಿಂದೆ ಕಪ್ಪು ಕಿವಿಯ ಮಹಾಶಯರೊಬ್ಬರು ತಮಗಾಗಿ ಸುಳಿದಾಡುತ್ತಿರುವುದನ್ನು ನೋಡಿದ್ದೇನೆ. ತಾವು ಹೆರುವಾಗ ಆ ಮುಖ ಈ ಗಲ್ಲಿಯಲ್ಲಿ ಕಂಡವರಿಲ್ಲ. ಆದಕಾರಣ ಮಕ್ಕಳು ಹಾಲು ಬಿಟ್ಟ ಕೂಡಲೇ ಮತ್ತೆ ಬಸುರಾಗದಂತೆ ಮಾಡಿಸಬೇಕಾದ ಆಪರೇಷನ್ನಿಗೆ ರಮಿತಾಳ ಕ್ಲಿನಿಕ್ಕಿನಲ್ಲಿ ತಮ್ಮ ಹೆಸರು ಬರೆಸಿ ಬಂದಿದ್ದೇನೆ. ಆಮೇಲಿನ ಆರೈಕೆ ಬಾಣಂತನದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಹೊಟ್ಟೆಗೆ ಬಟ್ಟೆ ಬಿಗಿಯುವುದೂ ಸೇರಿ, ಪೂರ್ತಿ ನನ್ನ ಪದ್ಧತಿಯಂತೆ ನಡೆಯುತ್ತದೆ. ಗುರುಗುಟ್ಟಿದರೆ ನನಗೂ ಬರುತ್ತದೆ.